ನಿದ್ದೆಯಲ್ಲಿ ನಿಲ್ಲುವ ಉಸಿರು: ಯಂತ್ರ ಕೊಂಡರೆ ಸಾಲದು, ಒತ್ತಡ ಸರಿಯಿರಬೇಕು



ಬೆಳಗಿನ ಹಾಲು ಹಾಕಲು ಸಂಘದ ಮುಂದೆ ಸಾಲು ನಿಂತಾಗ, "ಯಾಕೋ ಮೈಯೇ ಏಳೋದಿಲ್ಲ ಕಣಕ್ಕ, ರಾತ್ರಿಯೆಲ್ಲ ಮಲಗಿದ್ದೂ ಮಲಗದ ಹಾಗೆ" ಎನ್ನುವ ಮಾತು ಒಬ್ಬರಲ್ಲ ಒಬ್ಬರ ಬಾಯಲ್ಲಿ ಬರುತ್ತದೆ. ನಾಲ್ಕೂವರೆಗೆ ಎದ್ದು, ಕೊಟ್ಟಿಗೆ ಬಾಚಿ, ಹಾಲು ಕರೆದು, ಮೇವು ಹಾಕಿ, ಆಮೇಲೆ ಅಡುಗೆ ಮನೆಗೆ ಬರುವವರಿಗೆ ಸುಸ್ತಾಗದೆ ಇರುತ್ತದೆಯೇ ಎಂದು ನಾವೂ ಅದನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಎಷ್ಟೋ ಸಲ ಕಾರಣ ದುಡಿಮೆಯೇ ಇರುತ್ತದೆ. ಇನ್ನೆಷ್ಟೋ ಸಲ ರಕ್ತಹೀನತೆ ಅಥವಾ ಥೈರಾಯ್ಡ್ ಇರುತ್ತದೆ. ಆದರೆ ಏಳೆಂಟು ಗಂಟೆ ಮಲಗಿ ಎದ್ದರೂ ತಲೆ ಭಾರ, ಬಾಯಿ ಒಣಗಿರುವುದು, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಮಧ್ಯಾಹ್ನ ಕೂತಲ್ಲೇ ತೂಕಡಿಕೆ, ಇದರ ಜೊತೆಗೆ ಗೊರಕೆ, ಇಷ್ಟೂ ಸೇರಿದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ ಇದೆಯೇ ಎಂದು ನೋಡಿಸಬೇಕು. ವೈದ್ಯರು ಇದನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ.

ಇದಕ್ಕೆ ಚಿಕಿತ್ಸೆ ಇದೆ, ಚೆನ್ನಾಗಿಯೇ ಇದೆ. ತೊಂದರೆ ಇರುವುದು ಬೇರೆ ಕಡೆ. ಸಾವಿರಾರು ರೂಪಾಯಿ ಕೊಟ್ಟು ತಂದ ಯಂತ್ರ ಹದಿನೈದು ದಿನದಲ್ಲಿ ಬೀರುವಿನ ಮೇಲೆ ಹೋಗಿ ಕೂರುತ್ತದೆ. "ಅದನ್ನು ಹಾಕ್ಕೊಂಡರೆ ಉಸಿರೇ ಕಟ್ಟುತ್ತೆ" ಎಂದು ಕೈಬಿಟ್ಟವರು ನಮ್ಮ ಮಹಿಳಾ ಸಂಘಗಳಲ್ಲೇ ಇದ್ದಾರೆ. ಅವರಲ್ಲಿ ಬಹಳ ಮಂದಿಗೆ ಆಗಿದ್ದು ಇಷ್ಟೇ: ಯಂತ್ರವನ್ನು ಅವರಿಗೆ ಹೊಂದಿಸಿಕೊಟ್ಟವರು ಯಾರೂ ಇರಲಿಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ಕಾಯಿಲೆಯ ವಿಚಾರಕ್ಕಿಂತ ಪರೀಕ್ಷೆ ಮತ್ತು ಯಂತ್ರದ ಹೊಂದಾಣಿಕೆಯ ವಿಚಾರವನ್ನೇ ಹೆಚ್ಚು ಬರೆದಿದ್ದೇನೆ.

ಆಗುವುದೇನು?

ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ಹಾದಿಯನ್ನು ತೆರೆದಿಟ್ಟಿರುತ್ತವೆ. ನಿದ್ದೆ ಬಂದ ಕೂಡಲೇ ಅವು ಸಡಿಲವಾಗುತ್ತವೆ. ಕೆಲವರಲ್ಲಿ ಹಾದಿ ಮೊದಲೇ ಕಿರಿದಾಗಿರುತ್ತದೆ. ಕುತ್ತಿಗೆಯಲ್ಲಿ ಕೊಬ್ಬು ತುಂಬಿರಬಹುದು, ಕೆಳದವಡೆ ಚಿಕ್ಕದಿರಬಹುದು, ಟಾನ್ಸಿಲ್ ದಪ್ಪಗಿರಬಹುದು. ಅಂಥವರಲ್ಲಿ ನಾಲಗೆಯ ಬುಡ ಮತ್ತು ಮೆತ್ತನೆಯ ಅಂಗುಳು ಹಿಂದಕ್ಕೆ ಕುಸಿದು ಹಾದಿ ಮುಚ್ಚಿಕೊಳ್ಳುತ್ತದೆ. ನೀರೆಳೆಯುವಾಗ ಮೆತ್ತನೆಯ ಪೈಪು ಒಳಕ್ಕೆ ಅಂಟಿಕೊಳ್ಳುವುದನ್ನು ನೋಡಿದ್ದೀರಲ್ಲ, ಹಾಗೆ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಗಾಳಿ ಹೋಗದಿದ್ದರೆ ಅದನ್ನು ಒಂದು ಆಪ್ನಿಯಾ ಎಂದು ಲೆಕ್ಕ ಹಾಕುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಅರೆಕ್ಷಣ ಎಬ್ಬಿಸುತ್ತದೆ, ಗೊರ್ರೆಂದು ಉಸಿರು ಎಳೆದುಕೊಂಡು ಮತ್ತೆ ನಿದ್ದೆ. ಬೆಳಿಗ್ಗೆ ಇದಾವುದೂ ನೆನಪಿರುವುದಿಲ್ಲ.

ಗಂಟೆಗೆ ಇಂಥ ಅಡಚಣೆ ಎಷ್ಟು ಸಲ ಆಯಿತು ಎನ್ನುವುದೇ ಮುಖ್ಯ ಅಂಕಿ. ಅದನ್ನು ಎ.ಎಚ್.ಐ. ಎನ್ನುತ್ತಾರೆ. ದೊಡ್ಡವರಲ್ಲಿ 5ರ ಒಳಗಿದ್ದರೆ ಸರಿ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ಗಂಟೆಗೆ 30 ಎಂದರೆ ಆರು ಗಂಟೆಯ ನಿದ್ದೆಯಲ್ಲಿ 180 ಸಲ. ಅಷ್ಟು ಸಲ ಯಾರಾದರೂ ನಮ್ಮನ್ನು ತಟ್ಟಿ ಎಬ್ಬಿಸಿದರೆ ಬೆಳಿಗ್ಗೆ ಹಸುವಿನ ಮುಂದೆ ಹೇಗೆ ಕೂರುತ್ತೇವೆ? ಸುಸ್ತೊಂದೇ ಆದರೆ ಸಹಿಸಬಹುದಿತ್ತು. ಚಿಕಿತ್ಸೆ ಇಲ್ಲದೆ ಬಿಟ್ಟರೆ ರಕ್ತದೊತ್ತಡ ಏರುತ್ತದೆ, ಹೃದಯದ ಬಡಿತ ತಪ್ಪುವುದು, ಪಾರ್ಶ್ವವಾಯು, ಇವುಗಳ ಅಪಾಯ ಹೆಚ್ಚುತ್ತದೆ. ಮೂರು ಬಗೆಯ ಬಿ.ಪಿ. ಮಾತ್ರೆ ನುಂಗಿದರೂ ಬಿ.ಪಿ. ಇಳಿಯದವರಲ್ಲಿ ಈ ಕಾಯಿಲೆ ಬಹಳ ಸಾಮಾನ್ಯ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಗೊರಕೆಯ ವಿಚಾರವನ್ನು ಡಾಕ್ಟರ ಕಿವಿಗೆ ಹಾಕಿ.

ಹೆಂಗಸರಲ್ಲಿ ಕಣ್ಣು ತಪ್ಪುವುದೇಕೆ?

ದಪ್ಪ ಕುತ್ತಿಗೆಯ, ಜೋರಾಗಿ ಗೊರಕೆ ಹೊಡೆಯುವ ಗಂಡಸಿನ ಕಾಯಿಲೆ ಇದು ಎಂದು ಹಿಂದಿನಿಂದ ನಂಬಿಕೊಂಡು ಬಂದಿದ್ದೇವೆ. ಹೆಂಗಸರ ಗೊರಕೆ ಅಷ್ಟು ಜೋರಾಗಿ ಇರದೇ ಇರಬಹುದು. ಅವರು ಹೇಳಿಕೊಳ್ಳುವುದೂ ಬೇರೆ: ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ತಲೆನೋವು, ಮನಸ್ಸಿಗೆ ಬೇಸರ, ಯಾವುದರಲ್ಲೂ ಉಮೇದಿಲ್ಲ. ಕೇಳಿದವರು ಟಾನಿಕ್ ಬರೆದುಕೊಡುತ್ತಾರೆ, ಇಲ್ಲವೇ ನಿದ್ದೆ ಮಾತ್ರೆ. ನಿದ್ದೆ ಮಾತ್ರೆಗಳಲ್ಲಿ ಕೆಲವು ಗಂಟಲಿನ ಸ್ನಾಯುವನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಈ ಕಾಯಿಲೆಯ ಅನುಮಾನವಿದ್ದರೆ ಡಾಕ್ಟರನ್ನು ಕೇಳದೆ ಅವನ್ನು ನುಂಗಬಾರದು.

ಸಾಕ್ಷಿ ಹೇಳುವವರೂ ಇರುವುದಿಲ್ಲ. ಯಜಮಾನರು ಜಗಲಿಯ ಮೇಲೋ ತೋಟದ ಮನೆಯಲ್ಲೋ ಮಲಗುತ್ತಾರೆ, ನಾವು ಮೊಮ್ಮಕ್ಕಳ ಜೊತೆ ಒಳಗೆ. ಹೆಂಗಸು ಗೊರಕೆ ಹೊಡೆಯುತ್ತಾಳೆ ಎಂದು ನಾಲ್ಕು ಜನರ ಮುಂದೆ ಹೇಳುವುದು ನಗೆಪಾಟಲಿನ ಮಾತು ಬೇರೆ. ಮಗಳಿಗೋ ಸೊಸೆಗೋ ಹೇಳಿ ಒಂದು ರಾತ್ರಿ ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿಸಿ. ಗೊರಕೆ ನಡುವೆ ಸದ್ದೇ ಇಲ್ಲದೆ ಸ್ವಲ್ಪ ಹೊತ್ತು, ಆಮೇಲೆ ಏದುಸಿರು ಬಿಟ್ಟ ಹಾಗೆ ಕೇಳಿಸಿದರೆ ಅದನ್ನೇ ಡಾಕ್ಟರಿಗೆ ಕೇಳಿಸಿ. ನಾವು ಬಾಯಲ್ಲಿ ಹೇಳುವ ಹತ್ತು ಮಾತಿಗಿಂತ ಅದು ಹೆಚ್ಚು ಉಪಯೋಗ.

ಮುಟ್ಟು ನಿಂತ ಮೇಲೆ ಈ ಅಪಾಯ ಏರುತ್ತದೆ. ಥೈರಾಯ್ಡ್ ಕಡಿಮೆ ಇರುವವರು, ಪಿ.ಸಿ.ಓ.ಡಿ. ಇರುವವರು, ಗರ್ಭಿಣಿಯಾದ ಮೇಲೆ ಹೊಸದಾಗಿ ಗೊರಕೆ ಶುರುವಾದವರು ಕೂಡ ಗಮನಿಸಬೇಕು. ಮೈ ದಪ್ಪವಿರಲೇಬೇಕು ಎಂದೇನೂ ಇಲ್ಲ. ನಮ್ಮ ದೇಶದವರಲ್ಲಿ ಅಷ್ಟೇನೂ ತೂಕವಿಲ್ಲದವರಿಗೂ ಇದು ಬರುತ್ತದೆ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಹಾಕಿಕೊಂಡು "97 ತೋರಿಸ್ತಿದೆ, ನನಗೇನೂ ಇಲ್ಲ" ಎನ್ನುವವರಿದ್ದಾರೆ. ಎಚ್ಚರವಿದ್ದಾಗ ಅದು 97 ತೋರಿಸದೆ ಇನ್ನೇನು?

ಪರೀಕ್ಷೆಯ ರಾತ್ರಿ ಹಾಲು ಕರೆಯುವವರು ಯಾರು?

ಮೊದಲು ಹೋಗಬೇಕಾದ್ದು ಶ್ವಾಸಕೋಶ ತಜ್ಞರು ಅಥವಾ ಕಿವಿ-ಮೂಗು-ಗಂಟಲು ತಜ್ಞರ ಬಳಿಗೆ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಇಬ್ಬರೂ ಇರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ಕಾಯಿಲೆಗಳಿಗೇ ಕ್ಲಿನಿಕ್ ಇದೆ. ತಜ್ಞರು ಮೂಗು, ಗಂಟಲು ನೋಡಿ, ಕುತ್ತಿಗೆಯ ಸುತ್ತಳತೆ ತೆಗೆದು, ಬಿ.ಪಿ., ಸಕ್ಕರೆ, ಥೈರಾಯ್ಡ್ ವಿಚಾರಿಸಿ, ಬೇಕೆನಿಸಿದರೆ ನಿದ್ದೆಯ ಪರೀಕ್ಷೆ ಬರೆದುಕೊಡುತ್ತಾರೆ. ಜನ ಇದನ್ನು ಸ್ಲೀಪ್ ಸ್ಟಡಿ ಎನ್ನುತ್ತಾರೆ. ಎರಡು ಬಗೆ ಇದೆ. ಒಂದು, ಆಸ್ಪತ್ರೆಯಲ್ಲೇ ಒಂದು ರಾತ್ರಿ ಮಲಗಿಸಿ ತಲೆಗೆ, ಎದೆಗೆ, ಕಾಲಿಗೆ ತಂತಿ ಅಂಟಿಸಿ ಮಾಡುವ ಪೂರ್ಣ ಪರೀಕ್ಷೆ. ಇನ್ನೊಂದು, ಮನೆಗೇ ಕೊಟ್ಟು ಕಳಿಸುವ ಚಿಕ್ಕ ಪೆಟ್ಟಿಗೆ. ಮೂಗಿಗೆ ನಳಿಕೆ, ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್. ನೋವೇನೂ ಇಲ್ಲ.

ಇಲ್ಲಿ ಹೈನುಗಾರ ಮಹಿಳೆಯರು ಮಾತ್ರ ಗಮನಿಸಬೇಕಾದ ಒಂದು ಸಂಗತಿಯಿದೆ. ಕನಸು ಬೀಳುವ ಹಂತದ ನಿದ್ದೆಯಲ್ಲಿ ಸ್ನಾಯುಗಳು ಅತಿ ಹೆಚ್ಚು ಸಡಿಲವಾಗುತ್ತವೆ. ಆ ಹಂತ ಹೆಚ್ಚಾಗಿ ಬರುವುದು ರಾತ್ರಿಯ ಕೊನೆಯ ಭಾಗದಲ್ಲಿ, ಅಂದರೆ ಬೆಳಗಿನ ಜಾವ. ಉಸಿರಿನ ಅಡಚಣೆ ಬಹುಪಾಲು ಈ ಹಂತದಲ್ಲೇ ಆಗುವುದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನಾವು ಏಳುವುದೂ ಅದೇ ಹೊತ್ತಿಗೆ. ಒಂದು ಲೆಕ್ಕ ನೋಡಿ. ಹತ್ತು ಗಂಟೆಗೆ ಮಲಗಿದ ಒಬ್ಬಾಕೆ ಬೆಳಗಿನ ಐದರವರೆಗೆ ನಿದ್ದೆ ಮಾಡಿದ್ದರೆ ಒಟ್ಟು 56 ಸಲ ಉಸಿರು ತಡೆಯುತ್ತಿತ್ತು ಎನ್ನಿ; ಏಳು ಗಂಟೆಗೆ ಹಂಚಿದರೆ ಗಂಟೆಗೆ 8, ಕಾಯಿಲೆ ಇದೆ. ಅದರಲ್ಲಿ 31 ಸಲ ಆಗುತ್ತಿದ್ದುದು ಮೂರೂವರೆಯ ಮೇಲೆ. ಆಕೆ ಮೂರೂವರೆಗೇ ಎದ್ದು ಪಟ್ಟಿ ಬಿಚ್ಚಿ ಕೊಟ್ಟಿಗೆಗೆ ಹೋದರೆ ಲೆಕ್ಕಕ್ಕೆ ಸಿಗುವುದು 25 ಮಾತ್ರ; ಐದೂವರೆ ಗಂಟೆಗೆ ಹಂಚಿದರೆ ನಾಲ್ಕೂವರೆ. ವರದಿ "ನಾರ್ಮಲ್" ಎಂದು ಬರುತ್ತದೆ!

ಆದ್ದರಿಂದ ಪರೀಕ್ಷೆಯ ದಿನಕ್ಕೆ ಬೆಳಗಿನ ಹಾಲು ಕರೆಯುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ. ಮನೆಯವರಿಗೆ ಹಸು ಒಗ್ಗದಿದ್ದರೆ ಪಕ್ಕದ ಮನೆಯ ಸದಸ್ಯೆಯನ್ನು ಕೇಳಿಕೊಳ್ಳಿ. ಹೆರಿಗೆಗೆ, ಮದುವೆಗೆ ಒಬ್ಬರಿಗೊಬ್ಬರು ಕರೆದುಕೊಡುವುದಿಲ್ಲವೇ? ಮನೆಯಲ್ಲಿ ಮಾಡುವ ಪರೀಕ್ಷೆಯಲ್ಲಿ ಇನ್ನೊಂದು ಕೊರತೆಯಿದೆ. ನೀವು ನಿದ್ದೆ ಮಾಡುತ್ತಿದ್ದೀರೋ ಸುಮ್ಮನೆ ಹೊರಳಾಡುತ್ತಿದ್ದೀರೋ ಎಂಬುದು ಸಾಮಾನ್ಯವಾಗಿ ಆ ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ಎಚ್ಚರವಿದ್ದ ಹೊತ್ತನ್ನೂ ಸೇರಿಸಿ ಭಾಗಿಸುವುದರಿಂದ ಅಂಕಿ ಕಡಿಮೆ ಬರಬಹುದು. ಎಷ್ಟು ಗಂಟೆ ನಿದ್ದೆ ಬಂತೆಂದು ಅಂದಾಜಿಗೆ ಬರೆದಿಟ್ಟುಕೊಂಡು ಡಾಕ್ಟರಿಗೆ ಹೇಳಿ. ಮನೆಯ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದು, ತೂಕಡಿಕೆ, ತಲೆನೋವು ಹಾಗೇ ಉಳಿದಿದ್ದರೆ ಆಸ್ಪತ್ರೆಯ ಪೂರ್ಣ ಪರೀಕ್ಷೆ ಮಾಡಿಸಬೇಕೆಂದು ಕೇಳುವುದು ತಪ್ಪಲ್ಲ. ವೈದ್ಯಕೀಯ ಪದ್ಧತಿಯೂ ಅದೇ.

ವರದಿಯ ಪೂರ್ತಿ ಪ್ರತಿ ನಿಮ್ಮ ಕೈಯಲ್ಲಿರಲಿ. "ಆಪ್ನಿಯಾ ಇದೆ, ಮೆಷಿನ್ ತಗೊಳ್ಳಿ" ಎನ್ನುವ ಒಂದು ಸಾಲಿನ ಚೀಟಿ ಸಾಲದು. ಗಂಟೆಗೆ ಎಷ್ಟು, ಆಮ್ಲಜನಕ ಎಷ್ಟರವರೆಗೆ ಇಳಿಯಿತು, ಅಂಗಾತ ಮಲಗಿದಾಗ ಹೆಚ್ಚೋ ಮಗ್ಗುಲಾದಾಗಲೋ, ಗಂಟಲು ಮುಚ್ಚಿ ನಿಂತದ್ದೋ ಅಥವಾ ಮೆದುಳೇ ಉಸಿರಾಡಲು ಹೇಳದೆ ನಿಂತದ್ದೋ, ಇವೆಲ್ಲ ಅದರಲ್ಲಿರಬೇಕು. ಈ ಕೊನೆಯದು ಬೇರೆಯೇ ಬಗೆಯ ಆಪ್ನಿಯಾ, ಚಿಕಿತ್ಸೆಯೂ ಬೇರೆ. ಸೌಮ್ಯವಾಗಿದ್ದರೆ ಯಂತ್ರವೇ ಬೇಕೆಂದಿಲ್ಲ. ತೂಕ ಇಳಿಸುವುದು, ಮಗ್ಗುಲಲ್ಲಿ ಮಲಗುವುದು, ಮೂಗು ಕಟ್ಟುವುದಕ್ಕೆ ಔಷಧಿ, ದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಅಚ್ಚು, ಇವುಗಳಲ್ಲೇ ಕೆಲವರಿಗೆ ಹಿಡಿತಕ್ಕೆ ಬರುತ್ತದೆ.

ಗೇಜು ನೋಡದೆ ಕಪ್ಪು ಹಾಕುತ್ತೀರಾ?

ಮಧ್ಯಮ ಮತ್ತು ತೀವ್ರ ಕಾಯಿಲೆಗೆ ಮುಖ್ಯ ಚಿಕಿತ್ಸೆ ಸಿ-ಪ್ಯಾಪ್ ಎಂಬ ಯಂತ್ರ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಇದನ್ನು ಕಂಡುಹಿಡಿದು 1981ರಲ್ಲಿ ಪ್ರಕಟಿಸಿದರು. ಡಬ್ಬಿಯಷ್ಟು ದೊಡ್ಡ ಯಂತ್ರ, ಅದರಿಂದ ಒಂದು ಪೈಪು, ತುದಿಯಲ್ಲಿ ಮಾಸ್ಕು. ಇದು ಆಮ್ಲಜನಕ ಕೊಡುವ ಯಂತ್ರವಲ್ಲ. ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡದಲ್ಲಿ ಊದಿ ಗಂಟಲು ಕುಸಿಯದಂತೆ ತೆರೆದು ಹಿಡಿಯುತ್ತದೆ.

ಹಾಲು ಕರೆಯುವ ಯಂತ್ರ ಇಟ್ಟುಕೊಂಡವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಅದು ಎಳೆಯುತ್ತದೆ, ಇದು ಊದುತ್ತದೆ, ಅಷ್ಟೇ ವ್ಯತ್ಯಾಸ. ವ್ಯಾಕ್ಯೂಮ್ ಕಡಿಮೆಯಾದರೆ ಕಪ್ಪು ಜಾರುತ್ತದೆ, ಹಾಲು ಇಳಿಯುವುದಿಲ್ಲ. ಜಾಸ್ತಿಯಾದರೆ ಮೊಲೆತೊಟ್ಟಿನ ತುದಿ ಗಾಯವಾಗಿ ಕೆಚ್ಚಲು ಬಾವಿಗೆ ದಾರಿ. ಗೇಜು ನೋಡದೆ ಯಾರಾದರೂ ಕಪ್ಪು ಹಾಕುತ್ತೀರಾ? ಸಿ-ಪ್ಯಾಪ್‌ನಲ್ಲೂ ಒತ್ತಡ ಕಡಿಮೆಯಾದರೆ ಗಂಟಲು ಮುಚ್ಚುವುದು ನಿಲ್ಲುವುದಿಲ್ಲ. ಹೆಚ್ಚಾದರೆ ಮಾಸ್ಕಿನ ಬದಿಯಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ, ಗಾಳಿ ನುಂಗಿ ಹೊಟ್ಟೆ ಉಬ್ಬರಿಸುತ್ತದೆ, ನಿದ್ದೆ ಒಡೆಯುತ್ತದೆ.

ಒತ್ತಡವನ್ನು ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ ಹೇಳುತ್ತಾರೆ. ಬಕೆಟ್ ನೀರಿನಲ್ಲಿ ಒಂದು ನಳಿಕೆಯನ್ನು ಹತ್ತು ಸೆಂಟಿಮೀಟರ್ ಆಳಕ್ಕೆ ಇಳಿಸಿ ಊದಿದರೆ ಗುಳ್ಳೆ ಬರಲು ಎಷ್ಟು ಬಲ ಬೇಕೋ ಅದೇ 10. ಸಾಮಾನ್ಯ ಯಂತ್ರಗಳು 4ರಿಂದ 20ರವರೆಗೆ ಊದುತ್ತವೆ. ಯಾರಿಗೆ ಎಷ್ಟು ಬೇಕೆಂದು ಮುಖ ನೋಡಿ ಹೇಳಲು ಬರುವುದಿಲ್ಲ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಾಸ್ಕು ಹಾಕಿ ಮಲಗಿಸಿ ಒತ್ತಡವನ್ನು ಸ್ವಲ್ಪಸ್ವಲ್ಪವೇ ಏರಿಸಿ ಕಂಡುಹಿಡಿಯಬಹುದು. ಇಲ್ಲವೇ ಆಟೋ ಯಂತ್ರವನ್ನು ಮನೆಗೆ ಕೊಟ್ಟು, ಕೆಲವು ವಾರಗಳ ದಾಖಲೆ ನೋಡಿ ನಿಗದಿ ಮಾಡಬಹುದು. ಆಟೋ ಯಂತ್ರ ಗಂಟಲು ಕುಸಿಯುವುದನ್ನು ಗುರುತಿಸಿ ತಾನೇ ಒತ್ತಡ ಏರಿಸುತ್ತದೆ, ಇಳಿಸುತ್ತದೆ.

ಎಡವಟ್ಟಾಗುವುದು ಇಲ್ಲೇ. ಆಟೋ ಯಂತ್ರ ಕಂಪನಿಯಿಂದ ಬರುವಾಗ ಸಾಮಾನ್ಯವಾಗಿ ಕನಿಷ್ಠ 4, ಗರಿಷ್ಠ 20 ಎಂದು ಅಗಲವಾಗಿ ತೆರೆದಿರುತ್ತದೆ. ಮಾರಿದವರು ಹಾಗೇ ಕೊಟ್ಟು, "ಅಮ್ಮಾ, ಇದು ಆಟೋಮ್ಯಾಟಿಕ್ಕು, ಎಲ್ಲಾ ತಾನೇ ನೋಡ್ಕೊಳ್ಳುತ್ತೆ" ಎಂದು ಹೊರಟುಬಿಡುತ್ತಾರೆ. ಒಂಬತ್ತು ಹತ್ತರ ಒತ್ತಡ ಬೇಕಾದ ಹೆಂಗಸಿಗೆ 4ರಲ್ಲಿ ಶುರುವಾದರೆ ಮಾಸ್ಕಿನೊಳಗೆ ಗಾಳಿ ಸಾಲದೆ ಉಸಿರು ಕಟ್ಟಿದ ಹಾಗಾಗುತ್ತದೆ. ನಿದ್ದೆ ಹತ್ತಿದ ಮೇಲೆ ಯಂತ್ರ 4ರಿಂದ ಮೇಲೇರುವಷ್ಟರಲ್ಲಿ ಹತ್ತಾರು ಸಲ ಗಂಟಲು ಮುಚ್ಚಿರುತ್ತದೆ. ಇನ್ನೊಂದು ಕಡೆ, ಮಾಸ್ಕು ಸೋರಿದರೆ ಯಂತ್ರಕ್ಕೆ ಲೆಕ್ಕ ತಪ್ಪಿ ಒತ್ತಡ ಎಲ್ಲಿಗೋ ಹೋಗಿ ನಿಲ್ಲಬಹುದು. ಹೆದರಿ ಮಾಸ್ಕು ಕಿತ್ತೆಸೆದರೆ ಆಕೆಯದೇನು ತಪ್ಪು?

ನಮ್ಮ ಒಂದು ಮಹಿಳಾ ಸಂಘದ ಸದಸ್ಯೆಗೆ ಆದದ್ದೂ ಇದೇ. ಐವತ್ತೆಂಟರ ಹೆಂಗಸು, ಮೂರು ಹಸು. ಯಂತ್ರ ತಂದು ಎಂಟೇ ದಿನಕ್ಕೆ ಬಟ್ಟೆ ಸುತ್ತಿ ಮೇಲಿಟ್ಟಿದ್ದರು. ಮಗಳು ಯಂತ್ರವನ್ನು ತಜ್ಞರ ಬಳಿಗೇ ಹೊತ್ತುಕೊಂಡು ಹೋಗಿ ದಾಖಲೆ ತೆಗೆಸಿದಳು. ಕನಿಷ್ಠ ಒತ್ತಡ 4 ಇತ್ತು, ಮಾಸ್ಕು ಒಂದು ಅಳತೆ ದೊಡ್ಡದು. ಡಾಕ್ಟರು ಕನಿಷ್ಠವನ್ನು 7ಕ್ಕೆ ಏರಿಸಿ, ಗರಿಷ್ಠವನ್ನು 13ಕ್ಕೆ ಇಳಿಸಿ, ಚಿಕ್ಕ ಮಾಸ್ಕು ಕೊಡಿಸಿದರು. ಆ ಅಂಕಿಗಳು ಆಕೆಗೆ ಸೇರಿದವು, ನಿಮಗೆ ಹೊಂದಲಾರವು. ಆಕೆ ಈಗ ರಾತ್ರಿಯೆಲ್ಲ ಹಾಕಿಕೊಂಡೇ ಮಲಗುತ್ತಾರೆ.

ಯಂತ್ರ ಕೊಳ್ಳುವ ಮುಂಚೆ ಡಾಕ್ಟರ ಚೀಟಿಯಲ್ಲಿ ಬರೆಸಿಕೊಳ್ಳಬೇಕಾದ್ದು: ಒಂದೇ ಒತ್ತಡದ್ದೋ ಆಟೋನೋ, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಯಾವ ಬಗೆಯ ಮಾಸ್ಕು, ಮತ್ತೆ ಯಾವಾಗ ಬರಬೇಕು. ಒತ್ತಡದ ಅಂಕಿ ಯಂತ್ರದೊಳಗೆ ಬೇರೆ ಮೆನುವಿನಲ್ಲಿರುತ್ತದೆ, ಅದನ್ನು ನಾವಾಗಿ ಮುಟ್ಟಬಾರದು. ಕೆಲವರಲ್ಲಿ ಒತ್ತಡ ಹೆಚ್ಚಿಸಿದರೆ ಮೆದುಳಿನ ಕಡೆಯ ಆಪ್ನಿಯಾ ಹುಟ್ಟಿಕೊಳ್ಳುತ್ತದೆ, ಹಾಗಾಗಿ ಅಂಕಿ ಬಂತೆಂದು ಏರಿಸುತ್ತಾ ಹೋಗುವುದು ಸರಿಯಲ್ಲ. ನಾವೇ ಬದಲಿಸಿಕೊಳ್ಳಬಹುದಾದವೂ ಇವೆ. ರ‍್ಯಾಂಪ್ ಎನ್ನುವುದು ಒತ್ತಡವನ್ನು ಕಡಿಮೆಯಲ್ಲಿ ಶುರುಮಾಡಿ ನಿಧಾನಕ್ಕೆ ಏರಿಸುವ ವ್ಯವಸ್ಥೆ. ಮೊದಲಲ್ಲಿ ಗಾಳಿ ಸಾಲದು ಎನಿಸಿದರೆ ರ‍್ಯಾಂಪ್ ಸಮಯ ಕಡಿಮೆ ಮಾಡಿ, ಇಲ್ಲವೇ ಶುರುವಿನ ಒತ್ತಡ ಏರಿಸಿಕೊಡಲು ಕೇಳಿ. ಉಸಿರು ಬಿಡುವಾಗ ಗಾಳಿ ಎದುರಿಗೆ ತಳ್ಳಿದಂತಾದರೆ, ಆ ಹೊತ್ತಿಗೆ ಒತ್ತಡ ತುಸು ಇಳಿಸುವ ಸೌಲಭ್ಯ ಬಹಳ ಯಂತ್ರಗಳಲ್ಲಿದೆ. ಅದನ್ನು ಹಾಕಿಕೊಡಲು ಹೇಳಿ. ಮೂಗು, ಗಂಟಲು ಒಣಗಿದರೆ ತೇವದ ಅಂಕಿಯನ್ನು ಏರಿಸಿ; ಪೈಪಿನಲ್ಲಿ ನೀರು ನಿಂತು ಗುಳುಗುಳು ಎಂದರೆ ಇಳಿಸಿ.

ಮಾಸ್ಕಿನ ವಿಚಾರದಲ್ಲಿ ನಾಚಿಕೆ ಬೇಡ. ಅಂಗಡಿಯಲ್ಲೇ ಮಲಗಿ, ಯಂತ್ರ ಓಡಿಸಿ, ಮಗ್ಗುಲು ತಿರುಗಿ ನೋಡಬೇಕು. ಮೂಗಿನ ಹೊಳ್ಳೆಗೆ ಮಾತ್ರ ಕೂರುವುದು, ಮೂಗು ಮುಚ್ಚುವುದು, ಮೂಗು ಬಾಯಿ ಎರಡೂ ಮುಚ್ಚುವುದು ಎಂದು ಮೂರು ಬಗೆ. ಬಾಯಿ ತೆರೆದು ಮಲಗುವವರಿಗೆ ಮೂರನೆಯದು ಬೇಕಾಗಬಹುದು. ಮೂಗುಬೊಟ್ಟು ಇರುವವರು ಅದನ್ನು ಇಟ್ಟುಕೊಂಡೇ ಅಳತೆ ನೋಡಿ. ಕೆಲವು ಮಾಸ್ಕು ಅದರ ಮೇಲೆ ಒತ್ತಿ ಗಾಯವಾಗುತ್ತದೆ, ಗಾಳಿಯೂ ಸೋರುತ್ತದೆ. ತುರುಬು ಕಟ್ಟಿ ಮಲಗಿದರೆ ಹಿಂದಿನ ಪಟ್ಟಿ ಜಾರುತ್ತದೆ, ಸಡಿಲ ಜಡೆ ಒಳ್ಳೆಯದು. ಮುಖಕ್ಕೆ ಎಣ್ಣೆ ಹಚ್ಚಿಕೊಂಡ ರಾತ್ರಿ ಮಾಸ್ಕು ನಿಲ್ಲುವುದಿಲ್ಲ, ಅದರ ಸಿಲಿಕೋನ್ ಕೂಡ ಬೇಗ ಹಾಳಾಗುತ್ತದೆ. ಸೋರುತ್ತಿದೆ ಎಂದು ಪಟ್ಟಿಯನ್ನು ಬಿಗಿಯುತ್ತಾ ಹೋಗಬೇಡಿ. ಹಾಲು ಕರೆಯುವ ಯಂತ್ರದ ಲೈನರ್ ಸವೆದರೆ ಬದಲಿಸುತ್ತೇವಲ್ಲ, ಮಾಸ್ಕಿನ ಮೆತ್ತೆಯೂ ಹಾಗೇ ಸವೆಯುವ ಸಾಮಾನು.

ಚೀಟಿ ತೋರಿಸಿ ಎನ್ನಿ

ಸಂಘದಲ್ಲಿ ಫ್ಯಾಟ್ ಕಡಿಮೆ ಬಂದರೆ "ಎಲ್ಲಿ, ಚೀಟಿ ತೋರಿಸು" ಎನ್ನಲು ನಾವು ಹಿಂದೆಮುಂದೆ ನೋಡುವುದಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಬಾಯಿ ಕಟ್ಟುತ್ತದೆ. ಈಗಿನ ಬಹುತೇಕ ಯಂತ್ರಗಳು ಪ್ರತಿ ರಾತ್ರಿಯ ಲೆಕ್ಕ ಬರೆದಿಡುತ್ತವೆ: ಎಷ್ಟು ಗಂಟೆ ಹಾಕಿದ್ದಿರಿ, ಮಾಸ್ಕು ಎಷ್ಟು ಸೋರಿತು, ಚಿಕಿತ್ಸೆ ಇದ್ದೂ ಗಂಟೆಗೆ ಎಷ್ಟು ಸಲ ಉಸಿರು ತಡೆಯಿತು. ಈ ಕೊನೆಯ ಅಂಕಿ 5ರ ಒಳಗೆ ಬರಬೇಕೆನ್ನುವುದು ಸಾಮಾನ್ಯ ಗುರಿ. 95 ಶೇಕಡಾ ಒತ್ತಡ ಎಂಬ ಅಂಕಿಯೂ ಇರುತ್ತದೆ; ರಾತ್ರಿಯ ನೂರರಲ್ಲಿ ತೊಂಬತ್ತೈದು ಪಾಲು ಹೊತ್ತು ಯಂತ್ರ ಅಷ್ಟರಲ್ಲಿ ಅಥವಾ ಅದಕ್ಕಿಂತ ಕೆಳಗೆ ಓಡಿತು ಎಂದು ಅರ್ಥ. ಅದನ್ನು ನೋಡಿಯೇ ಡಾಕ್ಟರು ಕನಿಷ್ಠ, ಗರಿಷ್ಠವನ್ನು ಹತ್ತಿರ ತರುತ್ತಾರೆ. ಲೆಕ್ಕವು ಯಂತ್ರದೊಳಗಿನ ಕಾರ್ಡಿನಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಇರುತ್ತದೆ. ಮೊದಲ ತಿಂಗಳೊಳಗೆ ಒಂದು ಸಲ, ಆಮೇಲೆ ಅವರು ಹೇಳಿದಾಗ, ಕಾರ್ಡು ಒಯ್ಯಿರಿ. ಅದನ್ನು ತೆರೆದೂ ನೋಡದೆ "ಹೇಗಿದ್ದೀರಿ, ಚೆನ್ನಾಗಿದ್ದೀರಾ" ಎಂದು ಕಳಿಸುವವರಾದರೆ ಇನ್ನೊಬ್ಬ ತಜ್ಞರನ್ನು ಹುಡುಕುವುದೇ ವಾಸಿ ಎಂದು ನನ್ನ ಅಭಿಪ್ರಾಯ. ಅಂಕಿ ಸರಿಯಿದ್ದೂ ತೂಕಡಿಕೆ ಉಳಿದರೆ ಅದನ್ನೂ ಹೇಳಿ. ರಕ್ತ, ಥೈರಾಯ್ಡ್ ಮತ್ತೆ ನೋಡಬೇಕಾಗಬಹುದು, ಅಥವಾ ನಿದ್ದೆಯ ಗಂಟೆಗಳೇ ಕಡಿಮೆ ಇರಬಹುದು.

ಬೆಳಗಿನ ಜಾವದ ಮಾತು ಮತ್ತೆ ಬರುತ್ತದೆ. ಮೂರು ಗಂಟೆಗೆ ಮೂತ್ರಕ್ಕೆ ಎದ್ದವರು ಮಾಸ್ಕು ತೆಗೆದಿಟ್ಟು "ಇನ್ನೇನು ಬೆಳಗಾಯ್ತು" ಎಂದು ಹಾಗೇ ಮಲಗಿದರೆ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಚಿಕಿತ್ಸೆ ತಪ್ಪುತ್ತದೆ. ಮತ್ತೆ ಹಾಕಿಕೊಳ್ಳಿ. ಹಾಲು ಹಾಕಿ ಬಂದು ಅರ್ಧ ಗಂಟೆ ಅಡ್ಡಾಗುವವರು ಆಗಲೂ ಹಾಕಿಕೊಳ್ಳಬೇಕು. ಹೊಸದರಲ್ಲಿ ಹಗಲು ಹೊತ್ತು ಟಿ.ವಿ. ನೋಡುತ್ತಾ ಅರ್ಧ ಗಂಟೆ ಹಾಕಿ ಕೂತು ರೂಢಿ ಮಾಡಿಕೊಂಡವರಿಗೆ ರಾತ್ರಿ ಸಲೀಸಾಗುತ್ತದೆ.

ಕರೆಂಟು, ನೀರು, ಹೊಟ್ಟಿನ ಧೂಳು

ಕರೆಂಟು ಹೋದರೆ ಮಾಸ್ಕಿನೊಳಗೆ ಉಸಿರುಗಟ್ಟಿ ಸಾಯುತ್ತೇವೆಯೇ ಎಂಬ ಭಯ ಹಳ್ಳಿಗಳಲ್ಲಿ ಎಲ್ಲರಿಗೂ ಇದೆ. ಹಾಗಾಗುವುದಿಲ್ಲ. ಮಾಸ್ಕಿನಲ್ಲಿ ಗಾಳಿ ಹೊರಹೋಗುವ ತೂತುಗಳಿರುತ್ತವೆ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನಲ್ಲಿ ಯಂತ್ರ ನಿಂತ ಕೂಡಲೇ ಹೊರಗಿನ ಗಾಳಿಗೆ ತೆರೆದುಕೊಳ್ಳುವ ಕವಾಟವಿರುತ್ತದೆ. ಆ ತೂತುಗಳನ್ನು ಟೇಪು ಹಾಕಿ ಮುಚ್ಚಬಾರದು ಅಷ್ಟೇ. ಮನೆಯಲ್ಲಿ ಯು.ಪಿ.ಎಸ್. ಇದ್ದರೆ ಯಂತ್ರವನ್ನು ಅದರ ಲೈನಿಗೆ ಕೊಡಿ. ಹೆಚ್ಚು ಕರೆಂಟು ತಿನ್ನುವುದು ನೀರು ಬಿಸಿ ಮಾಡುವ ಭಾಗ. ಬ್ಯಾಟರಿಯಲ್ಲಿ ಓಡಿಸುವ ರಾತ್ರಿ ಅದನ್ನು ಆರಿಸಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ.

ತೇವದ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬೋರ್‌ವೆಲ್ ನೀರು ಹಾಕಿದರೆ ಬಿಳಿ ಉಪ್ಪು ಕಟ್ಟಿ ಡಬ್ಬಿ ಹಾಳು. ಬೆಳಿಗ್ಗೆ ಉಳಿದ ನೀರು ಚೆಲ್ಲಿ, ಡಬ್ಬಿ ಒಣಗಿಸಿ. ಮಾಸ್ಕಿನ ಮೆತ್ತೆಯನ್ನು ದಿನಾ ಮೆದು ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಹಾಲಿನ ಕ್ಯಾನು ತೊಳೆಯುವವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಯಂತ್ರದ ಹಿಂದೆ ಗಾಳಿ ಸೋಸುವ ಫಿಲ್ಟರ್ ಇದೆ. ಒಣಹುಲ್ಲು, ಹೊಟ್ಟು, ಬೂಸಾ ಇಟ್ಟ ಕೋಣೆಯಲ್ಲಿ ಮಲಗುವವರ ಫಿಲ್ಟರ್ ಪೇಟೆಯವರದಕ್ಕಿಂತ ಬೇಗ ಕಟ್ಟುತ್ತದೆ, ವಾರಕ್ಕೊಮ್ಮೆ ತೆಗೆದು ನೋಡಿ. ಮೇವಿನ ಧೂಳಿಗೆ ಮೂಗು ಕಟ್ಟುವವರು ಅದಕ್ಕೂ ಔಷಧಿ ಕೇಳಿ; ಮೂಗು ಕಟ್ಟಿದ್ದರೆ ಯಾವ ಒತ್ತಡವೂ ಹಿತವಾಗುವುದಿಲ್ಲ.

ದುಡ್ಡಿನ ಮಾತು. ಒಳ್ಳೆಯ ಆಟೋ ಯಂತ್ರ ಅಗ್ಗದ ಸಾಮಾನಲ್ಲ, ಹಾಲು ಕೊಡುವ ಹಸುವಿನ ಬೆಲೆಯ ಜೊತೆ ಹೋಲಿಸಬೇಕಾದ್ದು. ಕೊಳ್ಳುವ ಮುಂಚೆ ಒಂದು ತಿಂಗಳು ಬಾಡಿಗೆಗೆ ತಂದು ನೋಡುವುದು ಜಾಣತನ. ನಗರಗಳಲ್ಲಿ ಬಾಡಿಗೆಗೆ ಕೊಡುವವರಿದ್ದಾರೆ. ಯಶಸ್ವಿನಿ ಅಥವಾ ಬೇರೆ ಆರೋಗ್ಯ ಕಾರ್ಡು ಇರುವವರು ಪರೀಕ್ಷೆಗೆ, ಯಂತ್ರಕ್ಕೆ ನೆರವು ಸಿಗುತ್ತದೆಯೇ ಎಂದು ದುಡ್ಡು ಕಟ್ಟುವ ಮುಂಚೆಯೇ ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿ. ಹಳೆಯ ಯಂತ್ರ ಕೊಳ್ಳುವುದಾದರೆ ಎಚ್ಚರ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಹಲವು ಮಾದರಿಯ ಯಂತ್ರಗಳನ್ನು ಹಿಂದಕ್ಕೆ ಕರೆಯಿತು. ಸದ್ದು ತಗ್ಗಿಸಲು ಒಳಗೆ ಇಟ್ಟಿದ್ದ ಸ್ಪಂಜು ಪುಡಿಯಾಗಿ ಉಸಿರಾಡುವ ಗಾಳಿಗೆ ಸೇರಬಹುದು ಎಂಬುದು ಕಾರಣ. ಆ ಕಾಲದ ಯಂತ್ರವನ್ನು ಯಾರಾದರೂ ಕಡಿಮೆ ಬೆಲೆಗೆ ಕೊಡಲು ಬಂದರೆ ಸೀರಿಯಲ್ ನಂಬರ್ ಪರಿಶೀಲಿಸದೆ ಕೊಳ್ಳಬೇಡಿ. ಯಾವ ಹಳೆಯ ಯಂತ್ರವಾದರೂ ಮಾಸ್ಕು, ಪೈಪು, ಫಿಲ್ಟರ್ ಹೊಸದೇ ಬೇಕು, ಒತ್ತಡವನ್ನು ನಿಮ್ಮ ಚೀಟಿಯಂತೆ ಹೊಸದಾಗಿ ಹಾಕಿಸಬೇಕು. ಹಿಂದಿನವರ ಒತ್ತಡದಲ್ಲಿ ಮಲಗುವುದು ಅವರ ಕನ್ನಡಕ ಹಾಕಿಕೊಂಡ ಹಾಗೆ.

ಗರ್ಭಕೋಶದ್ದೋ, ಪಿತ್ತಕೋಶದ್ದೋ, ಯಾವುದೇ ಆಪರೇಷನ್ನಿಗೆ ಹೋಗುವಾಗ ನಿಮಗೆ ಸ್ಲೀಪ್ ಆಪ್ನಿಯಾ ಇದೆ ಎಂದು ಅರಿವಳಿಕೆ ಕೊಡುವ ಡಾಕ್ಟರಿಗೆ ಮುಂಚೆಯೇ ಹೇಳಬೇಕು. ಅರಿವಳಿಕೆ ಮತ್ತು ಕೆಲವು ನೋವಿನ ಔಷಧಿಗಳಿಂದ ಗಂಟಲು ಹೆಚ್ಚು ಕುಸಿಯುತ್ತದೆ. ಅವರಿಗೆ ಗೊತ್ತಿದ್ದರೆ ಔಷಧಿಯನ್ನೂ ನಿಗಾವನ್ನೂ ಅದಕ್ಕೆ ತಕ್ಕಂತೆ ಮಾಡಿಕೊಳ್ಳುತ್ತಾರೆ. ಯಂತ್ರ, ಮಾಸ್ಕು ಮತ್ತು ಒತ್ತಡ ಬರೆದ ಚೀಟಿ ಮೂರನ್ನೂ ಆಸ್ಪತ್ರೆಯ ಬ್ಯಾಗಿಗೆ ಹಾಕಿಕೊಂಡೇ ಹೊರಡಿ.